ಠಾಣೆಯ ಮೆಟ್ಟಿಲಿನಿಂದ ಕಮಿಷನರರ ಕಚೇರಿಯವರೆಗೆ

‘ಠಾಣೆಯ ಮೆಟ್ಟಿಲು ಹತ್ತಬಾರದು, ಕೋರ್ಟಿನ ಕಟ್ಟೆ ಏರಬಾರದು’ ಎಂಬುದು ಮನೆಯ ಹಿರಿಯರು ಕಿರಿಯರಿಗೆ ಹೇಳಿಕೊಂಡು ಬಂದಿರುವ ಬುದ್ಧಿಮಾತು. ಹೇಳುವವರ ಉದ್ದೇಶ ಒಳ್ಳೆಯದೇ. ಜಗಳಗಂಟರಾಗಬೇಡಿ, ಕೆಟ್ಟವರ ಸಹವಾಸಕ್ಕೆ ಹೋಗಬೇಡಿ ಎಂಬುದೇ ಅದರ ತಿರುಳು. ಆದರೆ ಕಾಲಕ್ರಮದಲ್ಲಿ ಆ ಮಾತಿಗೆ ಬೇರೊಂದು ಅರ್ಥವೂ ಅಂಟಿಕೊಂಡಿತು. ಮನೆಯಲ್ಲಿ ಕಳವಾದರೂ, ಕಾಲೇಜಿಗೆ ಹೋಗುವ ಮಗಳನ್ನು ಬೀದಿಯಲ್ಲಿ ಯಾರಾದರೂ ಪೀಡಿಸಿದರೂ, ನಿವೃತ್ತರಾದ ತಂದೆಯ ಉಳಿತಾಯದ ಹಣ ದೂರವಾಣಿಯ ಮೋಸಕ್ಕೆ ಸಿಕ್ಕಿ ಕರಗಿಹೋದರೂ ‘ಹೋಗಲಿ ಬಿಡಿ, ಠಾಣೆಯ ಗೊಡವೆ ಬೇಡ’ ಎಂದು ಸುಮ್ಮನಾಗುವ ಕುಟುಂಬಗಳು ಅನೇಕ. ಹೀಗೆ ಸುಮ್ಮನಾಗುವುದರಿಂದ ಲಾಭವಾಗುವುದು ಕಳ್ಳನಿಗೆ, ಕಳೆದುಕೊಂಡವರಿಗಲ್ಲ.

ಈ ಹಿಂಜರಿಕೆಗೆ ಅರ್ಧ ಕಾರಣ ಭಯ, ಉಳಿದರ್ಧ ಅಜ್ಞಾನ. ಖಾಕಿ ಉಡುಪಿನವರಲ್ಲಿ ಯಾರು ಯಾವ ಕೆಲಸಕ್ಕೆ ಹೊಣೆಗಾರರು, ಯಾರ ಮೇಲೆ ಯಾರಿದ್ದಾರೆ, ಒಬ್ಬರು ಕಿವಿಗೊಡದಿದ್ದರೆ ಇನ್ನಾರ ಬಳಿಗೆ ಹೋಗಬೇಕು ಎಂಬುದು ವಿದ್ಯಾವಂತರಿಗೂ ತಿಳಿದಿರುವುದಿಲ್ಲ. ಇದನ್ನು ತಿಳಿಯುವುದಕ್ಕೆ ಕಲಬುರಗಿಗಿಂತ ಒಳ್ಳೆಯ ಊರು ಸಿಗಲಾರದು. ಏಕೆಂದರೆ ಪೋಲೀಸ್ ಆಡಳಿತದ ಹಳೆಯ ಪದ್ಧತಿ, ಹೊಸ ಪದ್ಧತಿಗಳೆರಡೂ ಇಲ್ಲಿ ಅಕ್ಕಪಕ್ಕದಲ್ಲಿಯೇ ಕಾಣಸಿಗುತ್ತವೆ.

ಒಂದೇ ರಸ್ತೆ, ಎರಡು ಆಡಳಿತ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟ ಬಸ್ಸು ಕಪನೂರಿನ ಕೈಗಾರಿಕಾ ಪ್ರದೇಶವನ್ನು ದಾಟಿ, ತೊಗರಿಯ ಹೊಲಗಳ ನಡುವೆ ಓಡಿ, ಮಹಾಗಾಂವ್ ಕ್ರಾಸನ್ನು ಹಿಂದಿಕ್ಕಿ, ಸುಮಾರು 35 ಕಿಲೋಮೀಟರಿನ ಬಳಿಕ ಕಮಲಾಪುರವನ್ನು ಸೇರುತ್ತದೆ. ಭೌಗೋಳಿಕ ಸೂಚಿಕೆಯ ಗೌರವವನ್ನು ಪಡೆದಿರುವ ಕೆಂಪು ಬಾಳೆಹಣ್ಣಿನಿಂದ ಹೆಸರಾದ ಊರು ಇದು. 2017ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಕಮಲಾಪುರವೂ ಒಂದು.

ಬಸ್ಸಿನಲ್ಲಿ ಕುಳಿತವರಿಗೆ ಈ ದಾರಿಯಲ್ಲಿ ಯಾವ ಗಡಿಯೂ ಕಾಣುವುದಿಲ್ಲ. ಆದರೆ ಪೋಲೀಸ್ ಇಲಾಖೆಯ ನಕ್ಷೆಯಲ್ಲಿ ಇಲ್ಲಿ ಒಂದು ಗೆರೆಯಿದೆ. ಗೆರೆಯ ಈಚೆಗೆ ನಗರ ಮತ್ತು ಅದರ ಅಂಚಿನ ಪ್ರದೇಶ. ಅದು ಪೋಲೀಸ್ ಕಮಿಷನರರ ಅಧೀನ. ಗೆರೆಯ ಆಚೆಗೆ ಜಿಲ್ಲೆ. ಕಮಲಾಪುರದ ಠಾಣೆ ಜಿಲ್ಲಾ ಪೋಲೀಸ್ ಸೂಪರಿಂಟೆಂಡೆಂಟರ, ಅಂದರೆ ಎಸ್.ಪಿ.ಯವರ, ಅಧೀನ. ಕರ್ನಾಟಕದಲ್ಲಿ ಮೊದಲು ಕಮಿಷನರರನ್ನು ಪಡೆದ ನಗರ ಬೆಂಗಳೂರು, ಅದು 1963ರಲ್ಲಿ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿಗಳು ಅನಂತರ ಆ ಪಂಕ್ತಿಗೆ ಸೇರಿದವು. ಕಲಬುರಗಿಯ ಸರದಿ ಬಂದುದು 2019ರಲ್ಲಿ. 2011ರ ಜನಗಣತಿಯ ವೇಳೆಗೇ ನಗರದ ಜನಸಂಖ್ಯೆ ಐದು ಲಕ್ಷವನ್ನು ಮೀರಿದ್ದಿತು.

ಈ ಎರಡು ಪದ್ಧತಿಗಳಿಗೆ ಇರುವ ಅಂತರವೇನು? ಜಿಲ್ಲೆಯಲ್ಲಿ ಅಧಿಕಾರವು ಎರಡು ಕೈಗಳಲ್ಲಿ ಹಂಚಿಹೋಗಿದೆ. ಅಪರಾಧವನ್ನು ತಡೆಯುವ, ಅಪರಾಧಿಯನ್ನು ಹಿಡಿಯುವ ಪಡೆ ಎಸ್.ಪಿ.ಯವರದು. ಆದರೆ ಐದಾರು ಜನ ಒಂದೆಡೆ ಸೇರಬಾರದೆಂದು ನಿಷೇಧಾಜ್ಞೆ ಹೊರಡಿಸುವುದು, ಪುಂಡನೊಬ್ಬನಿಂದ ‘ಇನ್ನು ಮುಂದೆ ಶಾಂತಿಯಿಂದಿರುತ್ತೇನೆ’ ಎಂದು ಮುಚ್ಚಳಿಕೆ ಬರೆಸಿಕೊಳ್ಳುವುದು, ಅವನನ್ನು ಗಡೀಪಾರು ಮಾಡುವುದು ಮೊದಲಾದ ದಂಡಾಧಿಕಾರದ ಕೆಲಸಗಳು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಸೀಲ್ದಾರರಂಥ ಕಂದಾಯ ಅಧಿಕಾರಿಗಳ ಪಾಲಿನವು. ಪೋಲೀಸರು ಕೇಳಿಕೊಳ್ಳಬೇಕು, ಅವರು ವಿಚಾರಿಸಿ ಆಜ್ಞೆ ಮಾಡಬೇಕು. ನಗರದಲ್ಲಿಯಾದರೋ ಈ ಅಧಿಕಾರಗಳು ಕಮಿಷನರರ ಕೈಯಲ್ಲಿಯೇ ಇರುತ್ತವೆ. ಗಲಭೆಯ ಸೂಚನೆ ಕಂಡ ಗಳಿಗೆಯಲ್ಲಿ ಕಡತವೊಂದು ಕಚೇರಿಯಿಂದ ಕಚೇರಿಗೆ ಅಲೆಯುವ ಕಷ್ಟ ಇದರಿಂದ ತಪ್ಪುತ್ತದೆ.

ಆದರೆ ನಾಣ್ಯಕ್ಕೆ ಎರಡು ಮುಖ. ಕೇಳಿಕೊಳ್ಳುವವರೂ ಆಜ್ಞೆ ಮಾಡುವವರೂ ಒಂದೇ ಇಲಾಖೆಯವರಾದಾಗ ತಪ್ಪನ್ನು ಎತ್ತಿ ತೋರಿಸುವ ಹೊರಗಿನ ಕಣ್ಣು ಒಂದು ಕಡಿಮೆಯಾಯಿತು. ಆ ಕೊರತೆಯನ್ನು ತುಂಬಬೇಕಾದದ್ದು ನ್ಯಾಯಾಲಯ. 2008ರಲ್ಲಿ ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಪ್ರಾರಂಭವಾಗಿ 2013ರಲ್ಲಿ ಅದು ಕಾಯಂ ಪೀಠವಾದುದರಿಂದ, ಇಂಥ ಆಜ್ಞೆಯಿಂದ ನೊಂದವನು ಬೆಂಗಳೂರಿನ ರೈಲು ಹತ್ತಬೇಕಾದ ಪ್ರಮೇಯವಿಲ್ಲ.

ಪೋಲೀಸ್ ಪಾಟೀಲರ ಕಾಲ

ಕಲಬುರಗಿಯ ಸೀಮೆಯಲ್ಲಿ ‘ಪೋಲೀಸ್ ಪಾಟೀಲ’, ‘ಮಾಲೀಪಾಟೀಲ’ ಎಂಬ ಮನೆತನದ ಹೆಸರುಗಳು ಈಗಲೂ ಸಾಮಾನ್ಯ. ಹಿಂದೆ ಊರಿನ ಕಂದಾಯ ವಸೂಲಿ ಮಾಲೀಪಾಟೀಲನ ಹೊಣೆ. ಊರಿನ ಶಾಂತಿ ಪೋಲೀಸ್ ಪಾಟೀಲನ ಹೊಣೆ. ಹೊಸಬ ಊರಿಗೆ ಬಂದರೆ, ಹೆಣ ಬಿದ್ದರೆ, ದನ ಕಳುವಾದರೆ ಅವನಿಗೇ ಮೊದಲು ಸುದ್ದಿ ಮುಟ್ಟಬೇಕು. ನಿಜಾಮರ ಆಳಿಕೆಯಲ್ಲಿ ಠಾಣೆಯ ಅಧಿಕಾರಿಗೆ ‘ಅಮೀನ್’ ಎಂದು ಹೆಸರು. ಅಮೀನನ ಸವಾರಿ ಬಂದಿತೆಂದರೆ ಹಳ್ಳಿಯ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತಿದ್ದ ಕಾಲ ಅದು.

1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯವು ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ಬಂದುದು ಸೈನ್ಯವಾದರೂ ಅದಕ್ಕೆ ಇಟ್ಟ ಹೆಸರು ‘ಪೋಲೀಸ್ ಕಾರ್ಯಾಚರಣೆ’. ಈ ಭಾಗದ ಹಿರಿಯರು ತಮ್ಮ ವಯಸ್ಸನ್ನೂ ಮದುವೆಯ ವರ್ಷವನ್ನೂ ‘ಪೋಲೀಸ್ ಆಕ್ಷನ್ನಿಗೆ ಮುಂಚೆ, ಆಮೇಲೆ’ ಎಂದೇ ಲೆಕ್ಕ ಹಾಕುತ್ತಿದ್ದರು. 1956ರ ನವೆಂಬರ್ 1ರಂದು ಜಿಲ್ಲೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ ಕಾಯಿದೆ 1961ರಲ್ಲಿ ಬಂದಿತು. ಇಡೀ ರಾಜ್ಯಕ್ಕೆ ಅನ್ವಯಿಸುವ ಪೋಲೀಸ್ ಅಧಿನಿಯಮ 1963ರದು. ಪಾಟೀಲರ ಹೆಸರು ಉಳಿಯಿತು. ಅಧಿಕಾರ ಠಾಣೆಗೆ ಹೋಯಿತು. ಪಾಟೀಲನಾದರೆ ಊರಿನವನು, ಅವನಿಗೆ ಪ್ರತಿಯೊಂದು ಮನೆಯೂ ಗೊತ್ತು. ಠಾಣೆಯವರು ಬೇರೆ ಊರಿನಿಂದ ಬಂದು, ವರ್ಗವಾದಾಗ ಹೊರಟುಹೋಗುವವರು. ಜನರನ್ನು ಅರಿಯುವ ಕೆಲಸ ಅಂದಿನಿಂದ ಹೊಸದಾಗಿ ಪ್ರಾರಂಭವಾಯಿತು. ಅದು ಇನ್ನೂ ಮುಗಿದಿಲ್ಲ.

ಭುಜದ ಮೇಲಿನ ನಕ್ಷತ್ರಗಳು

ಎದುರಿಗೆ ನಿಂತಿರುವ ಪೋಲೀಸರು ಯಾವ ದರ್ಜೆಯವರೆಂಬುದನ್ನು ಅವರ ಭುಜ, ತೋಳುಗಳೇ ಹೇಳುತ್ತವೆ. ಬರಿಯ ತೋಳು ಕಾನ್ಸ್‌ಟೇಬಲರದು. ತೋಳಿನ ಮೇಲೆ ಪಟ್ಟೆಗಳಿದ್ದರೆ ಹೆಡ್ ಕಾನ್ಸ್‌ಟೇಬಲ್. ಭುಜದ ಮೇಲೆ ಕೆಂಪು ನೀಲಿ ಪಟ್ಟಿಯೊಡನೆ ಒಂದು ನಕ್ಷತ್ರವಿದ್ದರೆ ಸಹಾಯಕ ಸಬ್ ಇನ್ಸ್‌ಪೆಕ್ಟರ್, ಎರಡಿದ್ದರೆ ಸಬ್ ಇನ್ಸ್‌ಪೆಕ್ಟರ್, ಮೂರಿದ್ದರೆ ಇನ್ಸ್‌ಪೆಕ್ಟರ್. ಪಟ್ಟಿಯಿಲ್ಲದೆ ಮೂರೇ ನಕ್ಷತ್ರಗಳು ಕಂಡರೆ ಅವರು ಡಿ.ವೈ.ಎಸ್.ಪಿ. ಈ ದರ್ಜೆಯವರನ್ನೇ ನಗರದಲ್ಲಿ ಸಹಾಯಕ ಕಮಿಷನರ್, ಅಂದರೆ ಎ.ಸಿ.ಪಿ., ಎನ್ನುತ್ತಾರೆ. ಅದರ ಮೇಲೆ ಸಿಂಹಲಾಂಛನ ಕಾಣಿಸಿಕೊಳ್ಳುತ್ತದೆ. ಜಿಲ್ಲೆಯಲ್ಲಿ ಎಸ್.ಪಿ., ನಗರದಲ್ಲಿ ಡೆಪ್ಯುಟಿ ಕಮಿಷನರ್ ಅಥವಾ ಡಿ.ಸಿ.ಪಿ. ಆ ಸ್ಥಾನದವರು. ನಗರದ ಡಿ.ಸಿ.ಪಿ.ಗಳು ಕಾನೂನು ಸುವ್ಯವಸ್ಥೆ, ಅಪರಾಧ, ಸಂಚಾರ ಮುಂತಾದ ಭಾರಗಳನ್ನು ಹಂಚಿಕೊಂಡಿರುತ್ತಾರೆ. ಅವರೆಲ್ಲರ ಮೇಲೆ ಕಮಿಷನರ್.

ಕಮಲಾಪುರದಂಥ ಕಡೆಯ ಏಣಿ ಸ್ವಲ್ಪ ಬೇರೆ. ಸಬ್ ಇನ್ಸ್‌ಪೆಕ್ಟರ್, ಅವರ ಮೇಲೆ ಸರ್ಕಲ್ ಇನ್ಸ್‌ಪೆಕ್ಟರ್, ಆಮೇಲೆ ಉಪವಿಭಾಗದ ಡಿ.ವೈ.ಎಸ್.ಪಿ., ಆಮೇಲೆ ಎಸ್.ಪಿ. ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಎಸ್.ಪಿ.ಗಳ ಮೇಲೆ ಈಶಾನ್ಯ ವಲಯದ ಇನ್ಸ್‌ಪೆಕ್ಟರ್ ಜನರಲ್. ಅವರ ಕಚೇರಿಯೂ ಕಲಬುರಗಿಯಲ್ಲಿಯೇ. ಎರಡು ಏಣಿಗಳೂ ಕೊನೆಗೆ ಕೂಡುವುದು ರಾಜ್ಯದ ಪೋಲೀಸ್ ಮಹಾನಿರ್ದೇಶಕರಲ್ಲಿ. ಅವರ ಪ್ರಧಾನ ಕಚೇರಿ ಇರುವುದು ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ. ಆ ನೃಪತುಂಗನ ರಾಜಧಾನಿ ಮಾನ್ಯಖೇಟವೆಂದರೆ ಇದೇ ಕಲಬುರಗಿ ಜಿಲ್ಲೆಯ ಮಳಖೇಡವೆಂಬುದು ಒಂದು ಸೊಗಸಾದ ಯೋಗಾಯೋಗ.

ಠಾಣೆಗಳಿಗೆ ಒತ್ತಾಸೆಯಾಗಿ ಸಶಸ್ತ್ರ ಪಡೆಗಳುಂಟು. ನಗರಕ್ಕೆ ನಗರ ಸಶಸ್ತ್ರ ಮೀಸಲು ಪಡೆ, ಜಿಲ್ಲೆಗೆ ಜಿಲ್ಲಾ ಸಶಸ್ತ್ರ ಮೀಸಲು ಪಡೆ. ರಾಜ್ಯ ಮೀಸಲು ಪೋಲೀಸಿನ 6ನೆಯ ಪಡೆಯ ನೆಲೆ ನಗರಕ್ಕೆ ಹತ್ತಿರದ ತಾಜಸುಲ್ತಾನಪುರದಲ್ಲಿದೆ. ನಾಗನಹಳ್ಳಿಯಲ್ಲಿ ಪೋಲೀಸ್ ತರಬೇತಿ ಕಾಲೇಜಿದೆ. ಮಹಿಳಾ ಠಾಣೆ, ಸಂಚಾರ ಠಾಣೆ, ಸೈಬರ್ ಮತ್ತು ಮಾದಕ ದ್ರವ್ಯಗಳ ಅಪರಾಧಕ್ಕೆಂದೇ ಇರುವ ‘ಸೆನ್’ ಠಾಣೆ, ಬೆರಳಚ್ಚು ಪರೀಕ್ಷಕರು, ಶ್ವಾನದಳ, ನಿಯಂತ್ರಣ ಕೊಠಡಿ, ಎಲ್ಲವೂ ಈ ದೊಡ್ಡ ಯಂತ್ರದ ಬಿಡಿಭಾಗಗಳು.

ಠಾಣೆಯ ಒಳಗೆ

ಇಷ್ಟೆಲ್ಲ ಅಂತಸ್ತುಗಳಿದ್ದರೂ ನಾಗರಿಕನ ಪಾಲಿಗೆ ಪೋಲೀಸ್ ಇಲಾಖೆಯೆಂದರೆ ಅವನ ಬಡಾವಣೆಯ ಠಾಣೆ. ಸ್ಟೇಷನ್ ಬಜಾರ್, ಬ್ರಹ್ಮಪುರ, ಚೌಕ್, ರೋಜಾ, ಅಶೋಕನಗರ, ರಾಘವೇಂದ್ರನಗರ, ವಿಶ್ವವಿದ್ಯಾಲಯ ಎಂದು ಕಲಬುರಗಿಯ ಠಾಣೆಗಳ ಹೆಸರುಗಳಲ್ಲಿಯೇ ಊರಿನ ಭೂಗೋಳವಿದೆ.

ಒಳಹೊಕ್ಕರೆ ಮೊದಲು ಎದುರಾಗುವುದು ಬಂದೂಕು ಹಿಡಿದ ಪಹರೆ. ಬಳಿಕ ದೂರು ಕೇಳುವ ಮೇಜು. ಠಾಣೆಯ ಉಸಿರಾಟವೆಲ್ಲ ದಾಖಲಾಗುವುದು ‘ಸ್ಟೇಷನ್ ಡೈರಿ’ ಎಂಬ ದಿನಚರಿಯಲ್ಲಿ. ಯಾರು ಬಂದರು, ಯಾರು ಗಸ್ತಿಗೆ ಹೊರಟರು, ಯಾರನ್ನು ಕರೆತರಲಾಯಿತು ಎಂಬುದು ಹೊತ್ತುಗೊತ್ತಿನೊಡನೆ ಅಲ್ಲಿ ನಮೂದಾಗಬೇಕು. ಠಾಣೆಯ ‘ರೈಟರ್’ ಎನಿಸಿದ ಹೆಡ್ ಕಾನ್ಸ್‌ಟೇಬಲ್ ಈ ಕಾಗದಪತ್ರಗಳ ಯಜಮಾನ. ಕಳ್ಳನಿಂದ ವಶಪಡಿಸಿಕೊಂಡ ಚಿನ್ನದ ಸರ, ಸೈಕಲ್ಲು, ಮೊಬೈಲು ‘ಮುದ್ದೇಮಾಲು’ ಎಂಬ ಹೆಸರು ಹೊತ್ತು, ಚೀಟಿ ಅಂಟಿಸಿಕೊಂಡು, ನ್ಯಾಯಾಲಯದ ಅಪ್ಪಣೆಗಾಗಿ ಕಾದಿರುತ್ತವೆ.

ಠಾಣೆಯ ಸರಹದ್ದನ್ನು ಚಿಕ್ಕ ಚಿಕ್ಕ ‘ಬೀಟು’ಗಳಾಗಿ ಒಡೆದಿರುತ್ತಾರೆ. 2017ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಸುಧಾರಿತ ಬೀಟು ಪದ್ಧತಿಯಂತೆ ಒಂದೊಂದು ಬೀಟಿಗೂ ಒಬ್ಬ ನಿಗದಿಯಾದ ಕಾನ್ಸ್‌ಟೇಬಲ್ ಹೊಣೆ. 2025ರಲ್ಲಿ ‘ಮನೆ ಮನೆಗೆ ಪೋಲೀಸ್’ ಎಂಬ ಯೋಜನೆಯೂ ಪ್ರಾರಂಭವಾಯಿತು. ಕರೆಯದೆಯೇ ಪೋಲೀಸರು ಮನೆಗೆ ಬಂದು ಯೋಗಕ್ಷೇಮ ಕೇಳಬೇಕೆಂಬುದು ಅದರ ಆಶಯ. ಹಿಂದೆ ಪೋಲೀಸ್ ಪಾಟೀಲ ಮಾಡುತ್ತಿದ್ದ ಕೆಲಸವೇ ಹೊಸ ಉಡುಪಿನಲ್ಲಿ ಮರಳಿದೆ ಎನ್ನಬಹುದು. ಉಡುಪಿನ ಮಾತು ಬಂದಿತಾದ್ದರಿಂದ ಹೇಳಬೇಕು: ಒಂದು ಮಗ್ಗುಲು ಮಡಿಚಿದ ಅಗಲವಾದ ಹಳೆಯ ಟೋಪಿಯನ್ನು ಕೈಬಿಟ್ಟು ಅಧಿಕಾರಿಗಳಂತೆಯೇ ಪೀಕ್ ಕ್ಯಾಪ್ ಧರಿಸುವ ಅವಕಾಶ ಕಾನ್ಸ್‌ಟೇಬಲರಿಗೆ ದೊರೆತುದು ಅದೇ 2025ರಲ್ಲಿ.

ದೂರಿಗೆ ಗಡಿಯಿಲ್ಲ

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಗೃಹಿಣಿಯೊಬ್ಬಳು ಹುಮನಾಬಾದಿನಲ್ಲಿ ತಂಗಿಯ ಮದುವೆ ಮುಗಿಸಿಕೊಂಡು ಬಸ್ಸಿನಲ್ಲಿ ಮರಳುತ್ತಾಳೆ. ಕಮಲಾಪುರದಲ್ಲಿ ಚೀಲ ಸರಿಯಾಗಿಯೇ ಇದ್ದಿತು. ಕಲಬುರಗಿಯ ನಿಲ್ದಾಣದಲ್ಲಿ ಇಳಿದಾಗ ನೋಡಿದರೆ ಚೀಲ ಕೊಯ್ದಿದ್ದಾರೆ, ಒಡವೆಯ ಡಬ್ಬಿಯಿಲ್ಲ. ಕಳವು ನಡೆದುದು ಜಿಲ್ಲೆಯ ಗಡಿಯಲ್ಲೋ, ನಗರದ ಗಡಿಯಲ್ಲೋ? ‘ಇದು ನಮ್ಮ ಸರಹದ್ದಲ್ಲ, ಅಲ್ಲಿಗೆ ಹೋಗಿ’ ಎಂದು ಒಂದು ಠಾಣೆಯವರು ಹೇಳಿದರೆ, ಅಲ್ಲಿಯವರು ‘ಇಲ್ಲಿಗೆ ಏಕೆ ಬಂದಿರಿ’ ಎನ್ನುವ ಕಾಲವೊಂದಿತ್ತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಈ ಅಲೆದಾಟಕ್ಕೆ ಸ್ಪಷ್ಟವಾಗಿ ತಡೆ ಹಾಕಿದೆ. ಅದರ 173ನೆಯ ಕಲಮಿನಂತೆ, ವಾರಂಟಿಲ್ಲದೆ ಬಂಧಿಸಬಹುದಾದಂಥ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯಾದರೂ ದೂರು ಕೊಡಬಹುದು. ಆ ಠಾಣೆಯವರು ಅದನ್ನು ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ರವಾನಿಸಬೇಕು. ಇದಕ್ಕೆ ‘ಜೀರೋ ಎಫ್.ಐ.ಆರ್.’ ಎಂಬ ಹೆಸರು ರೂಢಿಯಲ್ಲಿದೆ. ಎಫ್.ಐ.ಆರ್. ಎಂದರೆ ಪ್ರಥಮ ವರ್ತಮಾನ ವರದಿ. ಬಾಯಿಮಾತಿನಲ್ಲಿ ಹೇಳಿದ ದೂರನ್ನು ಬರೆದುಕೊಂಡು ಹೇಳಿದವರಿಗೆ ಓದಿ ತಿಳಿಸಿ ಸಹಿ ಪಡೆಯಬೇಕು. ಪ್ರತಿಯನ್ನು ಉಚಿತವಾಗಿ ಕೊಡಬೇಕು. ವಿದ್ಯುನ್ಮಾನ ಮಾಧ್ಯಮದ ಮೂಲಕವೂ ದೂರು ಕಳುಹಿಸಬಹುದು. ಆಗ ಮೂರು ದಿನಗಳೊಳಗೆ ಸಹಿ ಹಾಕಬೇಕು. ತನಿಖೆ ಎಲ್ಲಿಗೆ ಬಂದಿದೆಯೆಂಬುದನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸುವುದು ಪೋಲೀಸರ ಕರ್ತವ್ಯ. ಗಂಭೀರ ಅಪರಾಧದ ದೂರನ್ನು ದಾಖಲಿಸುವುದು ಪೋಲೀಸರ ಇಷ್ಟಾನಿಷ್ಟಕ್ಕೆ ಬಿಟ್ಟ ವಿಷಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿಯೇ ತೀರ್ಪಿತ್ತಿದೆ.

ಇಷ್ಟಾಗಿಯೂ ಠಾಣೆಯಲ್ಲಿ ಕಿವಿಗೊಡದಿದ್ದರೆ? ಆಗ ಮೇಲೆ ವಿವರಿಸಿದ ಏಣಿ ಕೆಲಸಕ್ಕೆ ಬರುತ್ತದೆ. ದೂರಿನ ಸಾರಾಂಶವನ್ನು ಬರೆದು ಅಂಚೆಯ ಮೂಲಕ ಎಸ್.ಪಿ.ಯವರಿಗೆ, ನಗರದಲ್ಲಿಯಾದರೆ ಅದೇ ದರ್ಜೆಯ ಡಿ.ಸಿ.ಪಿ.ಯವರಿಗೆ, ಕಳುಹಿಸಬಹುದು. ಅಲ್ಲಿಯೂ ಪ್ರಯೋಜನವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಪೋಲೀಸರ ದುರ್ನಡತೆಯ ಬಗ್ಗೆ ವಿಚಾರಿಸುವುದಕ್ಕೆ ಪೋಲೀಸ್ ದೂರು ಪ್ರಾಧಿಕಾರವೆಂಬ ಪ್ರತ್ಯೇಕ ಸಂಸ್ಥೆಯುಂಟು.

ಕುಟುಂಬದವರು ತಿಳಿದಿರಬೇಕಾದ ಇನ್ನೆರಡು ಸಂಗತಿಗಳಿವೆ. ಸಾಕ್ಷಿ ಹೇಳಿಕೆಗಾಗಿ ಮಹಿಳೆಯರನ್ನೂ, 15 ವರ್ಷಕ್ಕೆ ಕೆಳಗಿನ, 60 ವರ್ಷಕ್ಕೆ ಮೇಲಿನ ಪುರುಷರನ್ನೂ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಅವರು ವಾಸಿಸುವ ಸ್ಥಳದಲ್ಲಿಯೇ ವಿಚಾರಿಸಬೇಕು. ಯಾರನ್ನೇ ಬಂಧಿಸಲಿ, ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನದ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸಬೇಕು.

ಉತ್ಸವ, ಬಿಸಿಲು, ಸೋಂಕು

ಕಲಬುರಗಿಯ ಪೋಲೀಸರ ವರ್ಷವನ್ನು ಎರಡು ಮಹೋತ್ಸವಗಳು ಅಳೆಯುತ್ತವೆ. ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ ಶರಣಬಸವೇಶ್ವರರ ತೇರು. ಹಿಜರಿ ವರ್ಷದ ಜಿಲ್ಕಾದ ಮಾಸದಲ್ಲಿ ಖ್ವಾಜಾ ಬಂದೇನವಾಜರ ಉರುಸು. ಈ ಎರಡು ದಿನಗಳಲ್ಲಿಯೂ ಸುತ್ತಲಿನ ಜಿಲ್ಲೆಗಳಿಂದ, ಮಹಾರಾಷ್ಟ್ರ ತೆಲಂಗಾಣಗಳಿಂದ ಜನಸಾಗರವೇ ಹರಿದುಬರುತ್ತದೆ. ವಾಹನಗಳಿಗೆ ಬೇರೆ ದಾರಿ ತೋರುವುದು, ಜೇಬುಗಳ್ಳರ ಮೇಲೆ ಕಣ್ಣಿಡುವುದು, ತಾಯಿಯ ಕೈತಪ್ಪಿದ ಮಗುವನ್ನು ಹುಡುಕಿ ಒಪ್ಪಿಸುವುದು, ಇವೆಲ್ಲ ಪತ್ರಿಕೆಗಳ ಮುಖಪುಟಕ್ಕೆ ಬಾರದ ಕೆಲಸಗಳು. ಕನ್ನಡ, ದಖ್ಖನಿ ಉರ್ದು, ಮರಾಠಿ, ತೆಲುಗುಗಳ ನಾಲ್ಕು ಮಾತು ಬಲ್ಲ ಕಾನ್ಸ್‌ಟೇಬಲ್ ಆ ದಿನ ಹತ್ತು ಲಾಠಿಗಳಿಗೆ ಸಮಾನ.

ಬೇಸಿಗೆಯ ಮಾತೇ ಬೇರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲಿನ ಝಳಕ್ಕೆ ಅಂಜಿ ಈ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿಯಿದೆ. ಹಗಲಿರುಳೂ ತೆರೆದಿರಬೇಕಾದ ಠಾಣೆಗೆ ಆ ರಿಯಾಯಿತಿ ಎಲ್ಲಿಂದ ಬರಬೇಕು? ಉಳಿದ ನೌಕರರು ಮನೆಯ ನೆರಳಿಗೆ ಮರಳುವ ಹೊತ್ತಿನಲ್ಲಿ ಜಗತ್ ವೃತ್ತದಲ್ಲಿ, ಸೂಪರ್ ಮಾರ್ಕೆಟ್ಟಿನಲ್ಲಿ ಸಂಚಾರದ ಪೋಲೀಸರು ಕಾದ ಡಾಂಬರಿನ ಮೇಲೆ ನಿಂತಿರುತ್ತಾರೆ.

ಹೊಸ ಕಮಿಷನರೇಟು ವರ್ಷ ತುಂಬುವ ಮುನ್ನವೇ ಘೋರವಾದ ಪರೀಕ್ಷೆಯನ್ನು ಎದುರಿಸಿತು. ಕೊರೋನಾ ಸೋಂಕಿನಿಂದ ಭಾರತದಲ್ಲಿ ಸಂಭವಿಸಿದ ಮೊದಲ ಸಾವು ಕಲಬುರಗಿಯ 76 ವರ್ಷದ ವೃದ್ಧರೊಬ್ಬರದು. ಅದು 2020ರ ಮಾರ್ಚ್ 10ರಂದು. ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡುದು ಮಾರ್ಚ್ 25ರಂದು. ಕಲಬುರಗಿಯ ಬೀದಿಗಳಲ್ಲಿ ಭೀತಿ ಅದಕ್ಕಿಂತ ಮುಂಚೆಯೇ ಕಾಲಿಟ್ಟಿತ್ತು. ಎಲ್ಲರಿಗೂ ‘ಮನೆಯಿಂದ ಹೊರಬರಬೇಡಿ’ ಎಂಬ ಆಜ್ಞೆಯಾದಾಗ, ಆ ಆಜ್ಞೆಯನ್ನು ಪಾಲಿಸುವಂತೆ ನೋಡಿಕೊಳ್ಳಲು ಮನೆಯಿಂದ ಹೊರಬರಬೇಕಾದವರು ಪೋಲೀಸರು. ಕೆಲವೆಡೆ ಅವರ ಲಾಠಿಯ ಬಗ್ಗೆ ದೂರುಗಳಿದ್ದುವು ನಿಜ. ಮನೆಗೆ ಮರಳಿ ತಮ್ಮ ಮಕ್ಕಳನ್ನು ಮುಟ್ಟಲು ಹೆದರಿದವರೂ ಅವರೇ ಎಂಬುದೂ ನಿಜ.

ಗಡಿಯಾಚೆಯ ಆ ರಾತ್ರಿ

ಕಮಲಾಪುರ ಚಿಕ್ಕ ಊರಾದರೂ ಅಲ್ಲಿಯ ಠಾಣೆಯ ಕೆಲಸ ಚಿಕ್ಕದಲ್ಲ. 2022ರ ವರ್ಷವೊಂದೇ ಅದಕ್ಕೆ ಸಾಕ್ಷಿ. ಆ ವರ್ಷ ಜೂನ್ 3ರ ಬೆಳಗಿನ ಹೊತ್ತು, ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಕಮಲಾಪುರದ ಬಳಿ ಸರಕಿನ ವಾಹನಕ್ಕೆ ಡಿಕ್ಕಿ ಹೊಡೆದು, ಸೇತುವೆಯಿಂದ ಕೆಳಗುರುಳಿ ಹೊತ್ತಿಕೊಂಡಿತು. ಕನಿಷ್ಠ ಏಳು ಮಂದಿ ಸಜೀವವಾಗಿ ದಹನವಾದರು. ಇಂಥ ವೇಳೆಯಲ್ಲಿ ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸುವುದು, ಗುರುತು ಸಿಗದ ದೇಹಗಳನ್ನು ವಾರಸುದಾರರಿಗೆ ಒಪ್ಪಿಸುವುದು, ದೂರದ ಊರಿನ ಮನೆಗೆ ದೂರವಾಣಿಯಲ್ಲಿ ಆ ಸುದ್ದಿಯನ್ನು ಹೇಳುವುದು ಪೋಲೀಸರ ಪಾಲಿಗೆ ಬರುತ್ತದೆ. ಯಾವ ಕವಾಯತಿನಲ್ಲಿಯೂ ಕಲಿಸಲಾಗದ ಕೆಲಸವದು.

ಅದೇ ವರ್ಷದ ಸೆಪ್ಟೆಂಬರ್ 23ರ ರಾತ್ರಿ, ಗಾಂಜಾ ಸಾಗಣೆಯ ಜಾಡು ಹಿಡಿದು ಕಮಲಾಪುರದ ಸರ್ಕಲ್ ಇನ್ಸ್‌ಪೆಕ್ಟರ್ ಶ್ರೀಮಂತ ಇಲ್ಲಾಳರು ಬೆರಳೆಣಿಕೆಯ ಸಿಬ್ಬಂದಿಯೊಡನೆ ಮಹಾರಾಷ್ಟ್ರದ ಗಡಿಯ ಹೊಲಗಳನ್ನು ಹೊಕ್ಕರು. ಕತ್ತಲಲ್ಲಿ ಡಜನುಗಟ್ಟಲೆ ಜನರ ಗುಂಪು ಅವರ ಮೇಲೆ ಮುಗಿಬಿದ್ದಿತು. ಇಲ್ಲಾಳರು ಪ್ರಾಣಾಪಾಯದ ಸ್ಥಿತಿಯಲ್ಲಿ ಕಲಬುರಗಿಯ ಆಸ್ಪತ್ರೆಗೆ ಸೇರಿ, ಅಲ್ಲಿಂದ ವಿಮಾನದಲ್ಲಿ ಬೆಂಗಳೂರಿಗೆ ಸಾಗಿಸಲ್ಪಟ್ಟು ಬದುಕುಳಿದರು. ಬೆಳೆಯುವ ಹೊಲ ಒಂದು ರಾಜ್ಯದಲ್ಲಿ, ಸಾಗುವ ದಾರಿ ಇನ್ನೊಂದರಲ್ಲಿ, ಕೊಳ್ಳುವ ಹುಡುಗರು ನಗರದ ಕಾಲೇಜುಗಳ ಆಸುಪಾಸಿನಲ್ಲಿ. ಅಪರಾಧಕ್ಕೆ ಗಡಿಗಳ ಪರಿವೆಯಿಲ್ಲ. ಪೋಲೀಸರಿಗಾದರೋ ಹೆಜ್ಜೆಹೆಜ್ಜೆಗೂ ಗಡಿ. ಆಚೆಯ ಠಾಣೆಗೆ ಸುದ್ದಿ ಮುಟ್ಟಿಸಿ, ಸಾಕಷ್ಟು ಬಲ ಕೂಡಿಸಿಕೊಂಡು ಹೊರಡುವಷ್ಟು ಹೊತ್ತು ಕಾಯ್ದರೆ ಹಕ್ಕಿ ಹಾರಿಹೋಗುತ್ತದೆ, ಕಾಯದಿದ್ದರೆ ಹೀಗಾಗುತ್ತದೆ. ನಗರದ ಮನೆಯ ಮಗನೊಬ್ಬ ಮಾದಕ ದ್ರವ್ಯದ ಚಟಕ್ಕೆ ಬೀಳದಿರಲೆಂದು ಕಮಲಾಪುರದ ಅಧಿಕಾರಿಯೊಬ್ಬ ತೆತ್ತ ಬೆಲೆ ಅದು.

2023ರ ಜೂನ್ ತಿಂಗಳಲ್ಲಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ, ಅಕ್ರಮವಾಗಿ ಮರಳು ಸಾಗಿಸುತ್ತಿದ್ದ ಟ್ರಾಕ್ಟರನ್ನು ತಡೆಯಲು ಹೋದ ಹೆಡ್ ಕಾನ್ಸ್‌ಟೇಬಲರೊಬ್ಬರು ಅದೇ ಟ್ರಾಕ್ಟರಿನ ಅಡಿಯಲ್ಲಿ ಪ್ರಾಣಬಿಟ್ಟರು. 1959ರಲ್ಲಿ ಲಡಾಖಿನ ಗಡಿಯಲ್ಲಿ ಮಡಿದ ಪೋಲೀಸರ ನೆನಪಿಗಾಗಿ ಪ್ರತಿವರ್ಷ ಅಕ್ಟೋಬರ್ 21ರಂದು ಹುತಾತ್ಮರ ದಿನವನ್ನು ಆಚರಿಸುತ್ತಾರೆ. ಅಂದು ಓದಲಾಗುವ ಹೆಸರುಗಳಲ್ಲಿ ಹೆಚ್ಚಿನವು ಏಣಿಯ ಕೆಳಗಿನ ಮೆಟ್ಟಿಲುಗಳವರವು.

ನಂಬಿಕೆಗೆ ಬಿದ್ದ ಪೆಟ್ಟು

ಇಲಾಖೆಯ ಹಿರಿಮೆಯನ್ನು ಹೇಳುವಾಗ ಅದರ ಗಾಯವನ್ನು ಮುಚ್ಚಿಡುವುದು ಸರಿಯಲ್ಲ. 545 ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗಾಗಿ 2021ರ ಅಕ್ಟೋಬರ್ 3ರಂದು ರಾಜ್ಯದಲ್ಲಿ ಲಿಖಿತ ಪರೀಕ್ಷೆ ನಡೆಯಿತು. ಕಲಬುರಗಿಯ ಪರೀಕ್ಷಾ ಕೇಂದ್ರವೊಂದರಲ್ಲಿ ನಡೆದ ಅಕ್ರಮದ ಎಳೆ ಹಿಡಿದು ಹೊರಟ ಸಿ.ಐ.ಡಿ. ತನಿಖೆಯು ನೇಮಕಾತಿ ವಿಭಾಗದ ಹಿರಿಯ ಅಧಿಕಾರಿಯ ಬಂಧನದವರೆಗೆ ಸಾಗಿತು. 2022ರ ಏಪ್ರಿಲ್‌ನಲ್ಲಿ ಸರ್ಕಾರವು ಪರೀಕ್ಷೆಯನ್ನೇ ರದ್ದುಗೊಳಿಸಿತು. 2024ರ ಜನವರಿಯಲ್ಲಿ ಬೇರೊಂದು ಸಂಸ್ಥೆಯ ಮೂಲಕ ಮರುಪರೀಕ್ಷೆ ನಡೆಸಬೇಕಾಯಿತು. ರಾತ್ರಿಯೆಲ್ಲ ಓದಿ, ಬೆಳಗಿನ ಜಾವ ಮೈದಾನದಲ್ಲಿ ಓಡಿ ಸಿದ್ಧರಾದ ಪ್ರಾಮಾಣಿಕ ತರುಣ ತರುಣಿಯರಿಗೆ ಎರಡು ವರ್ಷಗಳು ಕಳೆದುಹೋದವು.

ಈ ಪ್ರಕರಣದ ಗಾಂಭೀರ್ಯ ಅಂಕಗಳ ಲೆಕ್ಕಕ್ಕಿಂತ ದೊಡ್ಡದು. ದೂರು ಬರೆದುಕೊಳ್ಳುವ, ತನಿಖೆ ಮಾಡುವ, ಬಂಧಿಸುವ ಅಧಿಕಾರ ಬಹುಮಟ್ಟಿಗೆ ಸಬ್ ಇನ್ಸ್‌ಪೆಕ್ಟರರ ಕೈಯಲ್ಲಿರುತ್ತದೆ. ಹಣ ಕೊಟ್ಟು ಆ ಕುರ್ಚಿಯನ್ನು ಏರಿದವನು ಕೊಟ್ಟುದನ್ನು ಯಾರಿಂದ ವಸೂಲು ಮಾಡುವನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಇಲಾಖೆಯ ತನಿಖಾಧಿಕಾರಿಗಳೇ ಆ ಅಕ್ರಮವನ್ನು ಬಯಲಿಗೆಳೆದರೆಂಬುದು ಇದರಲ್ಲಿ ಉಳಿದಿರುವ ಸಮಾಧಾನ.

ನಾಗರಿಕರ ಪಾಲು

ಪೋಲೀಸರ ಸಂಖ್ಯೆ ಎಷ್ಟೇ ಹೆಚ್ಚಿದರೂ ಪ್ರತಿ ಮನೆಯ ಬಾಗಿಲಿಗೊಬ್ಬರು ನಿಲ್ಲಲಾರರು. ಉಳಿದ ಕಾವಲು ನಾಗರಿಕರದೇ. ಯಾವುದೇ ತುರ್ತಿನಲ್ಲಿ 112ಕ್ಕೆ ಕರೆ ಮಾಡಿದರೆ ಹತ್ತಿರದ ಗಸ್ತು ವಾಹನಕ್ಕೆ ಸುದ್ದಿ ಮುಟ್ಟುತ್ತದೆ. ಬ್ಯಾಂಕಿನ ಹಣ ಮೋಸದಿಂದ ಹೋಯಿತೆಂದು ತಿಳಿದ ಗಳಿಗೆಯಲ್ಲಿಯೇ 1930ಕ್ಕೆ ಕರೆ ಮಾಡಬೇಕು. ಹಣವು ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಇರುತ್ತದೆ. ಸಂಕೋಚದಿಂದ ಎರಡು ದಿನ ಮುಚ್ಚಿಟ್ಟರೆ ಬ್ರಹ್ಮನೂ ಮರಳಿ ತರಲಾರ. ದೂರವಾಣಿಯ ಪರದೆಯಲ್ಲಿ ಖಾಕಿ ತೊಟ್ಟು ಕಾಣಿಸಿಕೊಂಡು ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ, ಹಣ ಕಳುಹಿಸಿ’ ಎನ್ನುವವರು ಪೋಲೀಸರಲ್ಲ, ವಂಚಕರು. ಅಂಥ ಬಂಧನವೆಂಬುದು ಭಾರತದ ಯಾವ ಕಾಯಿದೆಯಲ್ಲಿಯೂ ಇಲ್ಲ. ನಿಜವಾದ ಪೋಲೀಸರು ಎದುರಿಗೆ ಬಂದು ನಿಲ್ಲುತ್ತಾರೆ. ಅವರ ಎದೆಯ ಮೇಲೆ ಹೆಸರಿನ ಪಟ್ಟಿಯಿರುತ್ತದೆ.

ಬೀಟಿನ ಕಾನ್ಸ್‌ಟೇಬಲರ ಹೆಸರು, ಬಡಾವಣೆಯ ಠಾಣೆಯ ದೂರವಾಣಿ ಸಂಖ್ಯೆಗಳನ್ನು ಹಾಲಿನವನ, ವಿದ್ಯುತ್ ಕಚೇರಿಯ ಸಂಖ್ಯೆಗಳೊಡನೆ ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡುವುದು ದೊಡ್ಡ ಕೆಲಸವೇನೂ ಅಲ್ಲ. ಮನೆ ಬಾಡಿಗೆಗೆ ಕೊಡುವಾಗ, ರಜೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೊರಡುವಾಗ ಒಂದು ಮಾತು ತಿಳಿಸಿ ಹೋದರೆ ಗಸ್ತಿನ ಕಣ್ಣು ಆ ಬೀಗದ ಮೇಲೂ ಬೀಳುತ್ತದೆ. ಕೇಳಬೇಕಾದ ಕಡೆ ವಿನಯದಿಂದ, ಆದರೆ ಹಕ್ಕಿನಿಂದ, ಕೇಳುವುದನ್ನು ಮಕ್ಕಳಿಗೂ ಕಲಿಸಬೇಕು. ಠಾಣೆಯನ್ನು ಕಟ್ಟಿರುವುದು ಜನರ ತೆರಿಗೆಯ ಹಣದಿಂದ. ಅದರ ಮೆಟ್ಟಿಲುಗಳನ್ನು ಕಡಿದಿಟ್ಟಿರುವುದು ಹತ್ತುವವರಿಗಾಗಿ. ನೊಂದವರು ಅಂಜದೆ ಹತ್ತಿದಷ್ಟೂ, ತಪ್ಪಿತಸ್ಥರು ಅಂಜಿ ದೂರವಿರುತ್ತಾರೆ.